ಮನೆಯಲ್ಲಿ ಪಿಸ್ತೂಲಿದ್ದರೆ ಕಳ್ಳ ಬರುವುದಿಲ್ಲವೇ? ಲೈಸೆನ್ಸು, ಕೋವಿ, ಬೀಗ ಮತ್ತು ಕೆಲವು ತಪ್ಪು ತಿಳಿವಳಿಕೆಗಳು

‘ಒಂದು ಪಿಸ್ತೂಲು ಮಡಿಕ್ಕಂಡಿದ್ರೆ ಯಾವ ಕಳ್ಳ ತಾನೆ ಬತ್ತಾನೆ ಬುಡಿ.’ ಮಂಡ್ಯ ಜಿಲ್ಲೆಯ ಯಾವ ಊರಿನ ಜಗಲಿಯಲ್ಲಿ ಕೂತರೂ ಇಂಥದ್ದೊಂದು ಮಾತು ಕಿವಿಗೆ ಬೀಳುತ್ತದೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರನ್ನೇ ತೆಗೆದುಕೊಳ್ಳಿ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ, ಮನೆಯಲ್ಲಿ ವಯಸ್ಸಾದವರು ಇಬ್ಬರೇ. ತೋಟದ ಮನೆಯಾದರೆ ಕೂಗಿದರೂ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿರುವುದಿಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆ. ನೆರೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ ಮತ್ತು 2023ರ ಆರಂಭದಲ್ಲಿ ಚಿರತೆ ದಾಳಿಗೆ ಜನ ಸತ್ತದ್ದನ್ನು ಈ ಕಡೆಯವರು ಮರೆತಿಲ್ಲ. ಹೀಗಿರುವಾಗ ‘ಮನೆಗೊಂದು ಆಯುಧ ಬೇಕೇ’ ಎಂಬ ಪ್ರಶ್ನೆಯನ್ನು ಸಿನಿಮಾ ನೋಡಿ ಹುಟ್ಟಿದ ಹುಚ್ಚು ಎಂದು ತಳ್ಳಿಹಾಕಲು ಬರುವುದಿಲ್ಲ. ಭಯ ನಿಜವಾದದ್ದು.

ಆದರೆ ಆ ಒಂದು ಪ್ರಶ್ನೆಯ ಒಳಗೆ ಮೂರು ಬೇರೆ ಬೇರೆ ಭಯಗಳಿವೆ: ಕಳ್ಳನ ಭಯ, ಕಾಡುಪ್ರಾಣಿಯ ಭಯ, ಒಂಟಿತನದ ಭಯ. ಮೂರಕ್ಕೂ ಒಂದೇ ಮದ್ದು ಎಂದು ಪಿಸ್ತೂಲನ್ನು ತೋರಿಸುವುದೇ ಮೊದಲ ತಪ್ಪು ತಿಳಿವಳಿಕೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ನಮ್ಮದೇ ಜಿಲ್ಲೆಯಲ್ಲಿ ನಡೆದ ಒಂದು ಘಟನೆಯನ್ನು ನೆನೆಯಬೇಕು.

2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಕುಟುಂಬದ ನಾಲ್ಕು ವರ್ಷದ ಮಗು ಗುಂಡೇಟಿಗೆ ಸತ್ತಿತು. ತಾಯಿಗೂ ಗಾಯವಾಯಿತು. ಕೋವಿ ಹಾರಿಸಿದ್ದು ಕಳ್ಳನಲ್ಲ. ಅಲ್ಲೇ ಇದ್ದ ಒಬ್ಬ ಹುಡುಗ ಅದನ್ನು ಆಟಕ್ಕೆಂದು ಕೈಗೆತ್ತಿಕೊಂಡಿದ್ದ. ಪತ್ರಿಕಾ ವರದಿಗಳ ಪ್ರಕಾರ ಕೋವಿ ಕಳ್ಳ ಕೋವಿಯೂ ಅಲ್ಲ, ಫಾರಂ ಮಾಲೀಕರ ಲೈಸೆನ್ಸ್ ಇದ್ದ ಕೋವಿ. ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ಕೋವಿ ಸುರಕ್ಷಿತವಾಗಿ ಇದ್ದಂತಾಗಲಿಲ್ಲ. ಈ ಲೇಖನದ ಮುಖ್ಯ ವಿಷಯ ಅದೇ.

ಕಾನೂನು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ಅಮೆರಿಕದ ಸಂವಿಧಾನದಲ್ಲಿ ಆಯುಧ ಹೊಂದುವ ಹಕ್ಕಿದೆ, ನಮ್ಮ ಸಂವಿಧಾನದಲ್ಲಿ ಇಲ್ಲ. ನಮ್ಮಲ್ಲಿ ಬಂದೂಕು ಎಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಅಡಿಯಲ್ಲಿ ಸಿಗುವ ಅನುಮತಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ ಹೋಗುತ್ತದೆ, ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಾದರೆ ಕಮಿಷನರಿಗೆ. ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಂಡು ತೀರ್ಮಾನ ಮಾಡುತ್ತಾರೆ. 2016ರ ನಿಯಮಗಳು ಬಂದ ಮೇಲೆ ದೈಹಿಕ ಮತ್ತು ಮಾನಸಿಕ ಆರೋಗ್ಯದ ಪ್ರಮಾಣಪತ್ರ, ಆಯುಧ ಬಳಕೆಯ ತರಬೇತಿ, ಆಯುಧವನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೆಲ್ಲ ಸೇರಿಕೊಂಡಿವೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಂಶವಿದೆ. ಕಾಯ್ದೆ ಎಲ್ಲ ಬಂದೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕನಿಷ್ಠ 20 ಅಂಗುಲ ಉದ್ದದ, ಒಳಮೈ ನುಣುಪಾದ ನಳಿಕೆಯ ಕೋವಿಯನ್ನು ರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದರೆ, ಅಥವಾ ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಬೆಳೆ ಕಾಯಲು ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಕೊಡಬೇಕು ಎಂಬ ಧಾಟಿಯಲ್ಲಿ 13ನೇ ಕಲಂ ಇದೆ. ಪಿಸ್ತೂಲು, ರಿವಾಲ್ವರು ಈ ಗುಂಪಿಗೆ ಸೇರುವುದಿಲ್ಲ. ಅವುಗಳಿಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ‘ಊರಲ್ಲಿ ಕಳ್ಳತನ ಜಾಸ್ತಿ’ ಎಂಬ ಸಾಮಾನ್ಯ ಮಾತು ಅದಕ್ಕೆ ಸಾಕಾಗುವುದು ಕಷ್ಟ.

‘ಎಕರೆಗಟ್ಟಲೆ ಜಮೀನಿದ್ದವರಿಗಷ್ಟೇ ಲೈಸೆನ್ಸು’ ಎಂಬುದು ಇನ್ನೊಂದು ನಂಬಿಕೆ. ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಾಗೆಯೇ ‘ಒಬ್ಬರು ಮೂರು ಇಟ್ಟುಕೊಳ್ಳಬಹುದು’ ಎಂಬುದು ಹಳೆಯ ಮಾತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಈಗ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಆಕಾಶಕ್ಕೆ ಹಾರಿಸಿದ್ದು, ಯಾರಿಗೇನು’ ಎನ್ನುವವರಿಗೆ ಒಂದು ಮಾತು: ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗದಲ್ಲಿ ನೇರ ಮೇಲಕ್ಕೆ ಹಾರಿಸಿದ ರೈಫಲ್ ಗುಂಡು ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ವಾಪಸ್ ಬಿದ್ದಿತ್ತು. ತಲೆಯ ಮೇಲೆ ಬಿದ್ದರೆ ಸಾಯಲು ಅಷ್ಟು ಸಾಕು. ಓರೆಯಾಗಿ ಹಾರಿಸಿದರೆ ಅದಕ್ಕಿಂತ ಹೆಚ್ಚಿನ ವೇಗ ಉಳಿದಿರುತ್ತದೆ.

ಕೊಡಗಿನ ಕತೆ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ‘ಅವರಿಗುಂಟು, ನಮಗ್ಯಾಕಿಲ್ಲ’ ಎಂದು ಮಂಡ್ಯದವರು ಕೇಳುವುದುಂಟು. ಅಲ್ಲಿ ಅದು ಒಂದು ಜನಾಂಗದ ಆಚಾರ ಮತ್ತು ಭೂಹಿಡುವಳಿಗೆ ಅಂಟಿಕೊಂಡು ಬಂದ ವಿನಾಯಿತಿ. ಮನೆ ಕಾವಲಿಗೆ ಕೊಟ್ಟದ್ದಲ್ಲ. ಆ ವಾದವನ್ನು ಬೇರೆ ಜಿಲ್ಲೆಗೆ ಎಳೆದು ತರಲು ಆಗುವುದಿಲ್ಲ.

2016ರ ಕೊನೆಗೆ ದೇಶದಲ್ಲಿ ಸುಮಾರು 33.69 ಲಕ್ಷ ಲೈಸೆನ್ಸುಗಳಿದ್ದವು, ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ಅಂದರೆ ನಮ್ಮ ರಾಜ್ಯದ ಬಹುಪಾಲು ಮನೆಗಳು ಬಂದೂಕಿಲ್ಲದೆಯೇ ರಾತ್ರಿ ನಿದ್ದೆ ಮಾಡುತ್ತವೆ.

ಆಯ್ಕೆಯ ಮಾತು

ಲೈಸೆನ್ಸ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಏನು ಕೊಳ್ಳಬಹುದು? 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು. ಜನಸಾಮಾನ್ಯರ ಕೈಗೆ ಬರುವ ಕೈಬಂದೂಕು ಹೆಚ್ಚಾಗಿ .32 ಬೋರಿನದು, ಸರ್ಕಾರಿ ಆಯುಧ ಕಾರ್ಖಾನೆಗಳಲ್ಲಿ ತಯಾರಾದದ್ದು. 2014ರಲ್ಲಿ ಕಾನ್ಪುರದ ಕಾರ್ಖಾನೆ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಹೆಣ್ಣುಮಕ್ಕಳ ರಕ್ಷಣೆಗೆಂದು ಹೊರತಂದಿತು. ತೂಕ ಅರ್ಧ ಕಿಲೋ ಆಸುಪಾಸು, ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. ಆ ದುಡ್ಡಿಗೆ ಎಷ್ಟು ಹೆಣ್ಣುಮಕ್ಕಳು ಅದನ್ನು ಕೊಳ್ಳಬಲ್ಲರು ಎಂಬ ಟೀಕೆ ಆಗಲೇ ಬಂದಿತ್ತು. ನಮಗೂ ಆ ಟೀಕೆ ಸರಿಯೆನಿಸುತ್ತದೆ.

ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಉರುಳೆಯಲ್ಲಿ ಕೂತಿರುತ್ತವೆ. ಉರುಳೆಯನ್ನು ಹೊರಕ್ಕೆ ತೆಗೆದರೆ ಯಾವ ಮನೆಯಲ್ಲಿ ಗುಂಡಿದೆ, ಯಾವುದರಲ್ಲಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಹಿಡಿಯೊಳಗಿನ ಮ್ಯಾಗಜೀನ್ ಹೊರಗೆ ತೆಗೆದರೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ‘ಮ್ಯಾಗಜೀನ್ ತೆಗೆದೆ, ಈಗ ಖಾಲಿ’ ಎಂಬ ನಂಬಿಕೆಯಿಂದ ಪ್ರಪಂಚದಾದ್ಯಂತ ಜನ ಸತ್ತಿದ್ದಾರೆ. ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಬೇರೊಂದು ತೊಂದರೆ. ಸುತ್ತಿಗೆಯನ್ನು ತಡೆಯುವ ಒಳಭಾಗ ಇಲ್ಲದಿದ್ದರೆ ಕೆಳಗೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ‘ಕೋವಿ ತಾನಾಗಿ ಹಾರಿತು’ ಎನ್ನುವ ಕೆಲವು ಕತೆಗಳ ಹಿಂದಿನ ನಿಜ ಇದು. ಉಳಿದ ಬಹಳಷ್ಟರಲ್ಲಿ ಬೆರಳು ಟ್ರಿಗರ್ ಮೇಲೇ ಇತ್ತು ಎಂದೇ ಅರ್ಥ.

ಗಿಡ್ಡ ನಳಿಕೆಯ ಆಯುಧದಿಂದ ಗುರಿ ಇಡುವುದು ಎಷ್ಟು ಕಷ್ಟ ಎಂಬುದೂ ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ನ್ಯೂಯಾರ್ಕ್ ಪೊಲೀಸರ ಗುಂಡಿನ ದಾಖಲೆಗಳನ್ನು ರ‍್ಯಾಂಡ್ ಸಂಸ್ಥೆ 2008ರಲ್ಲಿ ಪರಿಶೀಲಿಸಿತು. ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ಗುಂಡು ತಗುಲಿದ್ದು ನೂರಕ್ಕೆ 18 ಮಾತ್ರ. ಎದುರಾಳಿ ಹಾರಿಸದಿದ್ದಾಗಲೂ ನೂರಕ್ಕೆ 30. ಇವರು ಅದಕ್ಕೆಂದೇ ತರಬೇತಾದ, ಸಂಬಳ ಪಡೆಯುವ ಜನ. ರಾತ್ರಿ ಎರಡು ಗಂಟೆಗೆ ಕನ್ನಡಕ ಹುಡುಕುತ್ತಾ ಏಳುವ ಅರವತ್ತೈದರ ಯಜಮಾನರ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಗುರಿ ತಪ್ಪಿದ ಗುಂಡು ಎಲ್ಲಿಗೋ ಹೋಗಿಯೇ ಹೋಗುತ್ತದೆ: ಪಕ್ಕದ ಕೋಣೆಗೆ, ಕೊಟ್ಟಿಗೆಗೆ, ಕೂಗು ಕೇಳಿ ಓಡಿಬರುತ್ತಿರುವ ನೆರೆಯವನ ಕಡೆಗೆ.

ಅಧ್ಯಯನಗಳು ಹೇಳುವುದೇನು

ಭಾರತದಲ್ಲಿ ಮನೆಯ ಬಂದೂಕಿನ ಬಗೆಗಿನ ದೊಡ್ಡ ಅಧ್ಯಯನಗಳನ್ನು ನಾವು ಆಧಾರವಾಗಿಟ್ಟುಕೊಂಡಿಲ್ಲ. ಇಲ್ಲಿ ಹೇಳುತ್ತಿರುವುದು ಮನೆಮನೆಗಳಲ್ಲಿ ಬಂದೂಕಿರುವ ಅಮೆರಿಕದ ಅಂಕಿಅಂಶ. ಅಲ್ಲಿಯ ಪ್ರಮಾಣವನ್ನು ಇಲ್ಲಿಗೆ ಹಾಗೇ ಹೊಂದಿಸಬಾರದು. ಆದರೆ ಅಪಾಯ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಅವು ತೋರಿಸುತ್ತವೆ.

ಕ್ಯಾಲಿಫೋರ್ನಿಯಾದ 2.6 ಕೋಟಿಗೂ ಹೆಚ್ಚು ವಯಸ್ಕರನ್ನು 2004ರಿಂದ 2016ರವರೆಗೆ ಅನುಸರಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೈಬಂದೂಕು ಹೊಂದಿದ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಹೊಂದಿಲ್ಲದವರಿಗಿಂತ ಮೂರು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಸುಮಾರು ಏಳು ಪಟ್ಟು. ಅದೇ ತಂಡ 2022ರಲ್ಲಿ ಇನ್ನೊಂದು ಪ್ರಶ್ನೆ ಕೇಳಿತು. ತಾವು ಬಂದೂಕು ಹೊಂದಿಲ್ಲ, ಆದರೆ ಮನೆಯಲ್ಲಿ ಬೇರೆಯವರ ಬಳಿ ಇದೆ, ಅಂಥವರು ಹೆಚ್ಚು ಸುರಕ್ಷಿತರೇ? ಉತ್ತರ ತಿರುಗುಮುರುಗಾಗಿತ್ತು. ಅವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲೇ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು, ಬಲಿಯಾದವರಲ್ಲಿ ಬಹುಪಾಲು ಹೆಂಗಸರು. ‘ಮನೆಯ ಹೆಂಗಸರ ರಕ್ಷಣೆಗೆ’ ಎಂದು ತಂದಿಟ್ಟ ವಸ್ತು ಯಾರ ಕಡೆ ತಿರುಗುತ್ತದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಕುಡಿತ, ಜಮೀನಿನ ಜಗಳ, ವರದಕ್ಷಿಣೆಯ ಕಿರುಕುಳ ಇರುವ ಮನೆಗಳು ನಮ್ಮಲ್ಲಿ ಇಲ್ಲವೆನ್ನಲು ಆಗುತ್ತದೆಯೇ?

ಇನ್ನು ಕಳ್ಳನನ್ನು ಓಡಿಸುವ ಮಾತು. ಅಮೆರಿಕದ ಅಪರಾಧ ಸಮೀಕ್ಷೆಯ 2007ರಿಂದ 2011ರವರೆಗಿನ ಸುಮಾರು 14,000 ಘಟನೆಗಳನ್ನು ಹೆಮೆನ್‌ವೇ ಮತ್ತು ಸೋಲ್ನಿಕ್ ಎಂಬ ಸಂಶೋಧಕರು ನೋಡಿದರು. ಅಪರಾಧಿ ಎದುರಾದಾಗ ಸಂತ್ರಸ್ತರು ಬಂದೂಕು ಬಳಸಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಬಳಸಿದ ಮೇಲೂ ಗಾಯಗೊಂಡವರು ನೂರಕ್ಕೆ 4.1. ಕೂಗುವುದು, ಓಡುವುದು, ತಳ್ಳುವುದು ಎಲ್ಲ ಸೇರಿದ ಸ್ವರಕ್ಷಣೆಯ ಕ್ರಮಗಳ ನಂತರ ಗಾಯಗೊಂಡವರು 4.2. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಬಂದೂಕುಗಳೇ ತುಂಬಿರುವ ದೇಶದ ಸ್ಥಿತಿ ಇದು.

ಆತ್ಮಹತ್ಯೆಯ ಮಾತನ್ನು ಮಂಡ್ಯದಲ್ಲಿ ಕೂತು ಹಗುರವಾಗಿ ದಾಟಲಾಗದು. 2015ರಲ್ಲಿ ಇಲ್ಲಿಯ ಕಬ್ಬು ಬೆಳೆಗಾರರ ಸಾವುಗಳು ದೇಶದ ಸುದ್ದಿಯಾಗಿದ್ದವು. ‘ಸಾಯಬೇಕೆಂದು ತೀರ್ಮಾನಿಸಿದವರು ಹೇಗಾದರೂ ಸಾಯುತ್ತಾರೆ’ ಎಂಬುದು ಬಹಳ ಆಳವಾಗಿ ಬೇರೂರಿದ ತಪ್ಪು ನಂಬಿಕೆ. ಆ ತೀವ್ರ ಗಳಿಗೆ ಬಹಳಷ್ಟು ಜನರಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಆ ಹೊತ್ತಿಗೆ ಮಾರಕ ವಸ್ತು ಕೈಗೆಟುಕದಿದ್ದರೆ ಅನೇಕರು ಬದುಕಿ ಉಳಿಯುತ್ತಾರೆ. ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಬಳಿಕ, 2005ರ ಹೊತ್ತಿಗೆ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಅದೇ ಶ್ರೀಲಂಕಾದಲ್ಲಿ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು ಕೀಟನಾಶಕ ಇಡಲು ಹೇಳಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಪೆಟ್ಟಿಗೆಯಿಂದ ಲಾಭ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇರುತ್ತದಲ್ಲ! ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ಸಾಲದ ಹೊರೆಯಲ್ಲಿ ಮಾತು ನಿಲ್ಲಿಸಿದ್ದರೆ, ಕೋವಿಗೆ ಇನ್ನೊಂದು ಬೀಗ ಹಾಕಿದರೆ ಸಾಲದು. ಅದನ್ನು ಮನೆಯಿಂದ ಹೊರಗೆ, ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿಯೋ ಇರಿಸುವುದೇ ಸರಿ. ಮಾತಾಡಲು ಯಾರೂ ಇಲ್ಲವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಕ್ಕಳಿಗೆ ಹೇಳಿಟ್ಟಿದ್ದೇವೆ, ಮುಟ್ಟುವುದಿಲ್ಲ

ನಾಗಮಂಗಲದ ಘಟನೆಗೆ ಹಿಂತಿರುಗೋಣ. 2001ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ವೈದ್ಯರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 8ರಿಂದ 12 ವರ್ಷದ ಗಂಡುಮಕ್ಕಳನ್ನು ಇಬ್ಬರು ಮೂವರ ಗುಂಪುಗಳಲ್ಲಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಕೈಬಂದೂಕು ಇತ್ತು. ಕನ್ನಡಿಯ ಹಿಂದಿನಿಂದ ನೋಡುತ್ತಿದ್ದರು. 29 ಗುಂಪುಗಳಲ್ಲಿ 21ಕ್ಕೆ ಬಂದೂಕು ಸಿಕ್ಕಿತು, 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಯಾರಾದರೊಬ್ಬ ಹುಡುಗ ಟ್ರಿಗರ್ ಎಳೆದ. ಸಿಕ್ಕಿದ್ದು ಆಟಿಕೆಯೋ ನಿಜವೋ ಎಂದು ಸುಮಾರು ಅರ್ಧದಷ್ಟು ಮಕ್ಕಳಿಗೆ ಗೊತ್ತಾಗಲೇ ಇಲ್ಲ. ಎತ್ತಿಕೊಂಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಂದೂಕಿನ ಎಚ್ಚರಿಕೆಯ ಪಾಠವನ್ನು ಮೊದಲೇ ಕೇಳಿದ್ದವರು.

ಹೇಳಿಟ್ಟದ್ದು ಕೈಯನ್ನು ತಡೆಯುವುದಿಲ್ಲ, ಬೀಗ ತಡೆಯುತ್ತದೆ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಾಲ್ಕು ಅಭ್ಯಾಸಗಳನ್ನು ಅಳೆಯಿತು. ಬಂದೂಕಿಗೆ ಬೀಗ, ಒಳಗೆ ಗುಂಡಿಲ್ಲದಿರುವುದು, ಗುಂಡು ಬೇರೆ ಜಾಗದಲ್ಲಿರುವುದು, ಗುಂಡಿಗೂ ಬೀಗ. ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಸಾವುನೋವನ್ನು ಕಡಿಮೆ ಮಾಡುವುದರೊಂದಿಗೆ ನಂಟು ಹೊಂದಿತ್ತು. ದಿಂಬಿನ ಅಡಿ, ಬೀರುವಿನ ಸೀರೆಗಳ ನಡುವೆ, ದೇವರ ಮನೆಯ ಗೂಡು, ಗೋಡೆಯ ಮೊಳೆ ಇವು ಯಾವುವೂ ಬಚ್ಚಿಡುವ ಜಾಗಗಳಲ್ಲ. ಅಜ್ಜಿ ಬೆಲ್ಲ ಬಚ್ಚಿಟ್ಟ ಜಾಗ ಮೊಮ್ಮಕ್ಕಳಿಗೆ ಗೊತ್ತಿರುತ್ತದೆ. ಇದೂ ಗೊತ್ತಿರುತ್ತದೆ.

ಇಲ್ಲೊಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಡಬಾರದು. ಬೀಗ ಹಾಕಿ, ಗುಂಡು ಬೇರೆಡೆ ಇಟ್ಟರೆ ಕಳ್ಳ ಬಂದಾಗ ಕೈಗೆ ಸಿಗುವುದಿಲ್ಲ. ಕೈಗೆ ಸಿಗುವಂತಿಟ್ಟರೆ ಮಗುವಿನ ಕೈಗೂ ಸಿಗುತ್ತದೆ. ಬೆರಳಚ್ಚಿನಿಂದ ತೆರೆಯುವ ಪೆಟ್ಟಿಗೆಗಳು ಬಂದಿವೆ ನಿಜ. ಮಕ್ಕಳು, ಕುಡಿಯುವವರು ಅಥವಾ ಮನನೊಂದವರು ಇರುವ ಮನೆಯಲ್ಲಿ ಕಳ್ಳನ ದೂರದ ಸಾಧ್ಯತೆಗಾಗಿ ದಿನದಿನದ ಅಪಾಯವನ್ನು ಹೊರುವುದು ನಮಗೆ ಸರಿ ಕಾಣುವುದಿಲ್ಲ.

ಹಂದಿ, ಚಿರತೆ ಮತ್ತು ಕಾನೂನಿನ ತೊಡಕು

ಬೆಳೆ ಕಾಯುವ ಕೋವಿಯ ಲೈಸೆನ್ಸು ಪ್ರಾಣಿ ಕೊಲ್ಲುವ ಲೈಸೆನ್ಸು ಅಲ್ಲ. ಹೆಚ್ಚಿನ ರೈತರು ಎಡವುವುದು ಇಲ್ಲೇ. ಮೊದಲನೆಯದು ಶಸ್ತ್ರಾಸ್ತ್ರ ಕಾಯ್ದೆಯದು, ಎರಡನೆಯದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಪ್ರತ್ಯೇಕ ಅನುಮತಿ ಬೇಕು. ಸದ್ದು ಮಾಡಿ ಓಡಿಸಬಹುದು, ಅನುಮತಿಯಿಲ್ಲದೆ ಹಂದಿಗೆ ಹೊಡೆದರೆ ಕೇಸು. ಪ್ರಾಣ ಉಳಿಸಿಕೊಳ್ಳಲು ಒಳ್ಳೆಯ ಉದ್ದೇಶದಿಂದ ಮಾಡಿದ್ದಕ್ಕೆ ಮಾತ್ರ ಕಾಯ್ದೆಯಲ್ಲಿ ರಕ್ಷಣೆ ಇದೆ. ಚಿರತೆಯಂತೂ ಮೊದಲನೇ ಪರಿಚ್ಛೇದದ ಪ್ರಾಣಿ. ಪಿಸ್ತೂಲಿನಿಂದ ಚಿರತೆಗೆ ಹೊಡೆಯುವ ಯೋಚನೆ ಕಾನೂನಿಗಿಂತ ಮೊದಲು ಬುದ್ಧಿಗೇ ವಿರುದ್ಧ. ಕಬ್ಬಿನೊಳಗೆ ಗಾಯಗೊಂಡು ಕೂತ ಚಿರತೆಯಷ್ಟು ಅಪಾಯಕಾರಿ ಇನ್ನೊಂದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926. ಒಂಟಿಯಾಗಿ ಹೋಗದಿರುವುದು, ಮಕ್ಕಳನ್ನು ಕತ್ತಲಾದ ಮೇಲೆ ಹೊರಗೆ ಬಿಡದಿರುವುದು, ಕುರಿ ನಾಯಿಗಳನ್ನು ಒಳಗೆ ಕಟ್ಟುವುದು, ಮನೆ ಸುತ್ತಲ ಪೊದೆ ಸವರುವುದು ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಂದಿಗೆಂದು ಬೇಲಿಗೆ ನೇರ ಕರೆಂಟು ಹರಿಸುವುದು ಕೋವಿಗಿಂತ ಕೆಟ್ಟದ್ದು. ಅದಕ್ಕೆ ಆನೆಗಳೂ ಸತ್ತಿವೆ, ನೀರು ಕಟ್ಟಲು ರಾತ್ರಿ ಹೋದ ರೈತರೂ ಸತ್ತಿದ್ದಾರೆ. ಕೋತಿ ಓಡಿಸಲು ಏರ್‌ಗನ್ ಕೊಳ್ಳುವವರೂ ಗಮನಿಸಿ: 20 ಜೂಲ್‌ಗಿಂತ ಹೆಚ್ಚು ಶಕ್ತಿಯದಕ್ಕೆ ಅಥವಾ .177ಕ್ಕಿಂತ ದೊಡ್ಡ ಬೋರಿನದಕ್ಕೆ ಲೈಸೆನ್ಸ್ ಬೇಕು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ ತಲೆನೋವೂ ಇದೆ. ಎಲ್ಲರೂ ಕಣ್ಣುಮುಚ್ಚಿ ಒಪ್ಪಿಸಬೇಕೆಂದಿಲ್ಲ. ಪರಿಶೀಲನಾ ಸಮಿತಿ ಒಬ್ಬೊಬ್ಬರ ಪ್ರಕರಣ ನೋಡಿ ತೀರ್ಮಾನಿಸಬೇಕು. ಬೆಳೆ ಹಾಳಾಗುವ ಕಾಲಕ್ಕೇ ಕೋವಿ ಠಾಣೆಯಲ್ಲಿರುತ್ತದೆ ಎಂದು ಕರಾವಳಿಯ ರೈತರು ಹೈಕೋರ್ಟಿಗೆ ಹೋಗಿ ವಿನಾಯಿತಿ ಪಡೆದದ್ದುಂಟು.

ಇದ್ದರೆ ನೋಡಿಕೊಳ್ಳುವುದು ಹೇಗೆ

ಲೈಸೆನ್ಸ್ ಇರುವವರು ಇದ್ದೇ ಇದ್ದಾರೆ. ಅವರಿಗೆ ಕೆಲವು ಮಾತು. ಯಾವ ಕೆಲಸಕ್ಕೆ ಕೈಹಾಕುವ ಮೊದಲೂ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಖಾಲಿ ಇದ್ದರೂ ಮನುಷ್ಯರ ಕಡೆ ತಿರುಗಿಸಬೇಡಿ.

ಕೇಪಿನ ಕೋವಿಯಲ್ಲಿ ಬಳಸುವ ಕಪ್ಪು ಮದ್ದು ಪೊಟ್ಯಾಸಿಯಂ ನೈಟ್ರೇಟ್, ಗಂಧಕ, ಇದ್ದಿಲಿನ ಮಿಶ್ರಣ. ಉರಿದ ಮೇಲೆ ನಳಿಕೆಯಲ್ಲಿ ಉಳಿಯುವ ಮಸಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವ ಹೀರಿ ಒಂದೆರಡು ದಿನದಲ್ಲೇ ಕಬ್ಬಿಣ ತಿನ್ನಲು ತೊಡಗುತ್ತವೆ. ‘ಎಣ್ಣೆ ಹಚ್ಚಿದರೆ ಸಾಕು’ ಎಂಬುದು ತಪ್ಪು, ಲವಣ ಎಣ್ಣೆಯಲ್ಲಿ ಕರಗುವುದಿಲ್ಲ. ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳ್ಳಗೆ ಎಣ್ಣೆ. ತೋಟಾ ಕೋವಿ, ಪಿಸ್ತೂಲುಗಳಿಗೆ ನೀರು ಬೇಡ. ಅವುಗಳಿಗೆಂದೇ ಸಿಗುವ ದ್ರಾವಣ, ಬ್ರಷ್, ಬಟ್ಟೆ ಸಾಕು.

ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಂಡ್ಯದ ಧನುರ್ಮಾಸದ ಬೆಳಗಿನಲ್ಲಿ ತಲೆಗೆ ಹಚ್ಚುವ ಬಾಟಲಿಯಲ್ಲಿ ಏನಾಗುತ್ತದೋ ಕೋವಿಯ ಒಳಗೂ ಅದೇ. ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡುವುದೂ ಒಳ್ಳೆಯದಲ್ಲ, ಚರ್ಮ ತೇವ ಹಿಡಿದಿಟ್ಟುಕೊಂಡು ತುಕ್ಕು ತರಿಸುತ್ತದೆ. ಆಯುಧಪೂಜೆಯ ದಿನ ಅರಿಶಿನ, ಕುಂಕುಮ, ನಿಂಬೆಹಣ್ಣು ಎಲ್ಲ ಆಗಲಿ, ಮಾರನೇ ದಿನ ಒರೆಸಿ ಎಣ್ಣೆ ಹಚ್ಚಿ. ನಿಂಬೆರಸ ಉಕ್ಕಿಗೆ ಆಗದು.

ಕೇಪಿನ ಕೋವಿಗೆ ಒಂದು ವಿಶೇಷ ಅಪಾಯ. ಒಮ್ಮೆ ತುಂಬಿದರೆ ಹಾರಿಸದೆ ಖಾಲಿ ಮಾಡುವುದು ಕಷ್ಟ. ಹಾಗಾಗಿ ಮದ್ದು, ಚರೆ ತುಂಬಿಯೇ ಮೂಲೆಗೆ ಒರಗಿಸುತ್ತಾರೆ, ಮರೆಯುತ್ತಾರೆ. ಹಳೆಯ ಮದ್ದು ಸತ್ತಿದೆ ಎಂದುಕೊಳ್ಳಬೇಡಿ. ಒಣಗಿದ್ದರೆ ವರ್ಷಗಳ ನಂತರವೂ ಹೊತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಕೆಯೊಳಗೆ ಇಣುಕಬೇಡಿ. ಸುರಕ್ಷಿತ ದಿಕ್ಕಿಗೆ ಹಿಡಿದು ಕಾಯಿರಿ, ತಡವಾಗಿ ಹಾರುವುದುಂಟು. ಒಳಗೆ ಮುರಿದದ್ದು, ಸಡಿಲಾದದ್ದು ಏನಿದ್ದರೂ ಊರ ಕಮ್ಮಾರರ ಬಳಿ ಒಯ್ಯಬೇಡಿ. ಅವರು ನಿಮ್ಮ ಗುದ್ದಲಿಗೆ ಸರಿ. ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು.

ಹಾಗಾದರೆ ಮನೆ ಕಾಯುವುದು ಯಾವುದು

ಬ್ರಿಟನ್ನಿನ ಅಪರಾಧ ಸಮೀಕ್ಷೆಯ ಅಂಕಿಗಳ ಮೇಲೆ ಆಂಡ್ರೊಮ್ಯಾಚಿ ಸೆಲೋನಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ನಮಗೆ ಬಹಳ ಉಪಯುಕ್ತವೆನಿಸಿತು. ಕಿಟಕಿಗೆ ಚಿಲಕ, ಒಳಗೆ ಸಮಯಕ್ಕೆ ಹೊತ್ತುವ ದೀಪ, ಬಾಗಿಲಿಗೆ ಎರಡು ಬೀಗ ಅಥವಾ ಒಳಬೀಗ, ಹೊರಗೆ ಓಡಾಟಕ್ಕೆ ಹೊತ್ತಿಕೊಳ್ಳುವ ದೀಪ. ಈ ನಾಲ್ಕೂ ಒಟ್ಟಿಗಿದ್ದ ಮನೆಗಳಿಗೆ ಏನೂ ಇಲ್ಲದ ಮನೆಗಳಿಗಿಂತ 49 ಪಟ್ಟು ಹೆಚ್ಚು ರಕ್ಷಣೆ ಇತ್ತು. ಅಲ್ಲಿಯ ಮನೆಗಳು ಬೇರೆ, ಇಲ್ಲಿಯ ನಾಡಹೆಂಚಿನ ತೊಟ್ಟಿಮನೆ ಬೇರೆ, ನಿಜ. ಆದರೆ ಹಿತ್ತಿಲ ಬಾಗಿಲಿಗೆ ಹಳೆಯ ಅಗುಳಿ ಬಿಟ್ಟರೆ ಏನೂ ಇಲ್ಲದ ಮನೆಯವರು ಪಿಸ್ತೂಲಿನ ಬೆಲೆ ವಿಚಾರಿಸುವುದನ್ನು ಕಂಡಾಗ ಮೊದಲು ಹೇಳಬೇಕಾದ್ದು ಇದೇ.

ಕಳ್ಳರು ಸಾಮಾನ್ಯವಾಗಿ ಯಾರೂ ಇಲ್ಲದ ಮನೆ ಹುಡುಕುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಬೀರುವಿನ ಪಿಸ್ತೂಲು ಕಾವಲು ಕಾಯುವುದಿಲ್ಲ, ಒಡವೆಯ ಜತೆ ಅದೂ ಕಳುವಾಗುತ್ತದೆ. ಆಮೇಲೆ ಅದು ಎಲ್ಲಿ ಏನು ಮಾಡಿತು ಎಂಬ ಪ್ರಶ್ನೆಗೆ ನೀವು ಠಾಣೆಯಲ್ಲಿ ಉತ್ತರಿಸಬೇಕು. ಊರಿಗೆ ಹೋಗುವಾಗ ಠಾಣೆಗೆ, ಬೀಟ್ ಪೊಲೀಸರಿಗೆ, ಪಕ್ಕದ ಮನೆಯವರಿಗೆ ಹೇಳಿಹೋಗಿ. ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ. ಒಂದು ಊರುನಾಯಿ ಸಾಕಿ, ಮೂರು ಹೊತ್ತು ಮುದ್ದೆ ಹಾಕಿದರೆ ಯಾವ ಅಲಾರಮ್ಮಿಗೂ ಕಡಿಮೆಯಿಲ್ಲ. ಒಳಗೆ ಯಾರೋ ಬಂದಿದ್ದಾರೆಂದು ಗೊತ್ತಾದರೆ ಕೋಣೆಯ ಚಿಲಕ ಹಾಕಿಕೊಂಡು 112ಕ್ಕೆ ಕರೆ ಮಾಡಿ, ಕೂಗಿ.

‘ಮನೆಗೆ ನುಗ್ಗಿದವನಿಗೆ ಹೊಡೆದರೆ ಕೇಸಿಲ್ಲ’ ಎಂಬುದೂ ಅರ್ಧ ಸತ್ಯ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗುವವನ ವಿಷಯದಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ಬೇಲಿ ಹಾರಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದನ್ನು ರಕ್ಷಣೆ ಎಂದು ಕೋರ್ಟಿನಲ್ಲಿ ಒಪ್ಪಿಸುವುದು ಬಹಳ ಕಷ್ಟ.

ಕೊನೆಯದಾಗಿ ಅಟ್ಟದ ಮೇಲಿನ ಅಜ್ಜನ ಕೋವಿ. ಅನೇಕ ಮನೆಗಳಲ್ಲಿ ಅದೊಂದು ಇರುತ್ತದೆ. ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡು ವರ್ಷಗಳಾದವು. ಲೈಸೆನ್ಸ್ ಜಮೀನಿನ ಖಾತೆಯಂತೆ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಅಜ್ಜ ತೀರಿದ ಮೇಲೆ ಅದನ್ನು ಮನೆಯಲ್ಲಿಟ್ಟುಕೊಂಡರೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡಂತೆಯೇ. ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ಲೈಸೆನ್ಸುದಾರರು ಬದುಕಿರುವಾಗಲೇ, 70 ವರ್ಷ ತುಂಬಿದ್ದರೆ ಅಥವಾ 25 ವರ್ಷ ಕೋವಿ ಹೊಂದಿದ್ದರೆ, ತಮ್ಮ ವಾರಸುದಾರರೊಬ್ಬರನ್ನು ಸೂಚಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಟ್ಟದಿಂದ ಇಳಿಸುವಾಗ ನಳಿಕೆಯ ಬಾಯಿ ಯಾರ ಕಡೆಗೂ ಇರದಂತೆ ಹಿಡಿದುಕೊಳ್ಳಿ. ಅಜ್ಜ ಕೊನೆಯ ಸಲ ಇಟ್ಟಾಗ ಮದ್ದು ತುಂಬಿಯೇ ಇಟ್ಟಿದ್ದರೂ ಇರಬಹುದು. ಅನುಮಾನವಿದ್ದರೆ ಮುಟ್ಟಬೇಡಿ, ಠಾಣೆಗೆ ಫೋನ್ ಮಾಡಿ ಅವರೇ ಬಂದು ಒಯ್ಯಲು ಕೇಳಿಕೊಳ್ಳಿ.